ವಿದ್ಯುತ್ ಅವಘಡದ ವರದಿ ಪರಿಹಾರ ಆಯುಕ್ತರ ಮೇಜಿಗೂ ಬರಲಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರು ಹಾಗೂ ಮಾನ್ಯ ಇಂಧನ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು – ಇವರಿಗೆ,

ಮಾನ್ಯರೇ,

ಇಬ್ಬರು ಸಚಿವರಿಗೆ ಸೇರಿಸಿ ಒಂದೇ ಪತ್ರ ಬರೆಯುವುದು ಕಚೇರಿಯ ಪದ್ಧತಿಗೆ ಒಗ್ಗುವುದಿಲ್ಲವೆಂದು ನಾನು ಬಲ್ಲೆ. ಇದು ಯಾವ ಇಲಾಖೆಯ ಕಡತಕ್ಕೆ ಸೇರಬೇಕು ಎಂಬ ಪ್ರಶ್ನೆ ಟಪಾಲು ವಿಭಾಗದಲ್ಲೇ ಏಳುತ್ತದೆ. ನಾನು ಹೇಳಬೇಕೆಂದಿರುವ ಸಂಗತಿ ಇರುವುದೂ ಆ ಪ್ರಶ್ನೆಯಲ್ಲಿಯೇ. ಕೆಲಸದ ಮೇಲಿರುವ ಮನುಷ್ಯನಿಗೆ ವಿದ್ಯುತ್ ತಗುಲಿದರೆ, ಅದರ ವರದಿ ಇಂಧನ ಇಲಾಖೆಯ ಅಧೀನದಲ್ಲಿರುವ ವಿದ್ಯುತ್ ಪರಿವೀಕ್ಷಕರಿಗೆ ತಲುಪಬೇಕು. ಅದೇ ಮನುಷ್ಯ ಪರಿಹಾರ ಕೇಳಬೇಕಾದ ಕಾನೂನು ಕಾರ್ಮಿಕ ಇಲಾಖೆಯ ಪಾಲಿನದು. ಮೊದಲ ಕಡೆ ಎರಡು ದಿನಗಳೊಳಗೆ ಹುಟ್ಟಬೇಕಾದ ಕಾಗದ ಎರಡನೆಯ ಕಡೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುವುದಿಲ್ಲ. ಆ ಕಾಗದ ಬಾರದಿರುವ ಅವಧಿಯಲ್ಲಿ ಗಾಯಾಳುವಿನ ಹಕ್ಕು ಹೇಗೆ ಕರಗುತ್ತದೆ ಎಂಬುದನ್ನು ನಾನು ನನ್ನ ಕೆಲಸದಲ್ಲೂ ನೋಡಿದ್ದೇನೆ, ನನ್ನ ಮನೆಯಲ್ಲೂ ನೋಡಿದ್ದೇನೆ.

ನಾನು ತಾಲ್ಲೂಕು ಕೇಂದ್ರವೊಂದರ ನ್ಯಾಯಾಲಯದ ಎದುರು ಹತ್ತೊಂಬತ್ತು ವರ್ಷಗಳಿಂದ ಬೆರಳಚ್ಚು ಕೆಲಸ ಮಾಡಿಕೊಂಡಿರುವವಳು. ಮೊದಲು ಟೈಪ್‌ರೈಟರಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ವಕೀಲರು ಹೇಳಿದ್ದನ್ನು ಅರ್ಜಿಯಾಗಿಸುವುದು, ಕ್ರಯಪತ್ರ, ಪ್ರಮಾಣಪತ್ರ, ರಾಜಿಪತ್ರಗಳನ್ನು ಛಾಪಾ ಕಾಗದಕ್ಕೆ ಇಳಿಸುವುದು ನನ್ನ ಜೀವನೋಪಾಯ. ನನ್ನ ತಮ್ಮ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ವಿದ್ಯುತ್ ಗುತ್ತಿಗೆದಾರರೊಬ್ಬರ ಗ್ಯಾಂಗಿನಲ್ಲಿ ಲೈನ್ ಎಳೆಯುವ, ಕಂಬ ನಿಲ್ಲಿಸುವ, ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಯಿಸುವ ಕೆಲಸ ಮಾಡುತ್ತಿದ್ದ. ಗ್ಯಾಂಗಿನಲ್ಲಿ ಏಳು ಜನರಿದ್ದರು. ತಿಂಗಳಿಗೆ 18,000 ರೂಪಾಯಿ ಕೂಲಿಯನ್ನು ಮೇಸ್ತ್ರಿಯೇ ತನ್ನ ಫೋನ್‌ಪೇಯಿಂದ ಹಾಕುತ್ತಿದ್ದರು. ಗುತ್ತಿಗೆದಾರರ ಹೆಸರನ್ನಾಗಲಿ ಕೆಲಸ ಕೊಟ್ಟ ವಿದ್ಯುತ್ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಪ್ರಕರಣದ ಮೇಲ್ಮನವಿ ವಿಚಾರಣೆಯಲ್ಲಿದೆ, ಮೇಲಾಗಿ ನನ್ನ ದೂರು ಒಬ್ಬರ ಮೇಲಿನದಲ್ಲ.

2022ರ ಜೂನ್ ತಿಂಗಳ ಒಂದು ಮಧ್ಯಾಹ್ನ ಹನ್ನೊಂದು ಕೆವಿ ಲೈನಿನ ಮೇಲೆ ಕೆಲಸವಿತ್ತು. ಕ್ರಮದಂತೆ ಎಲ್‌ಸಿ, ಅಂದರೆ ಲೈನ್ ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ಲೈನ್ ಕ್ಲಿಯರ್ ಅನುಮತಿ, ತೆಗೆದುಕೊಳ್ಳಲಾಗಿತ್ತು, ಲೈನಿನ ಸಂಪರ್ಕ ಕಡಿಯುವ ಜಿಒಎಸ್ ಸ್ವಿಚ್ ತೆರೆದಿತ್ತು. ಲೈನ್ ಸತ್ತಿದೆ ಎಂದುಕೊಂಡು ನನ್ನ ತಮ್ಮ ಕಂಬ ಹತ್ತಿದ. ಆ ಹೊತ್ತಿಗೆ ಅದೇ ಫೀಡರಿನ, ಅಂದರೆ ಅದೇ ಸರಬರಾಜು ಲೈನಿನ, ಮೇಲಿದ್ದ ಕಲ್ಯಾಣ ಮಂಟಪವೊಂದರಲ್ಲಿ ಕರೆಂಟ್ ಹೋಯಿತೆಂದು ಜನರೇಟರ್ ಹಚ್ಚಿದರು. ಅಲ್ಲಿ ಜನರೇಟರನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಛೇಂಜ್‌ಓವರ್ ಸ್ವಿಚ್ ಸರಿಯಾಗಿರಲಿಲ್ಲ. ಜನರೇಟರಿನ ವಿದ್ಯುತ್ತು ಟಿಸಿಯೊಳಗೆ ಹಿಮ್ಮುಖವಾಗಿ ಹರಿದರೆ ಏನಾಗುತ್ತದೆಂದು ಇಂಧನ ಇಲಾಖೆಯವರಿಗೆ ನಾನು ವಿವರಿಸಬೇಕಾಗಿಲ್ಲ: ಇಳಿಸಬೇಕಾದ ಟಿಸಿಯೇ ಒತ್ತಡವನ್ನು ಏರಿಸಿ ಸತ್ತ ಲೈನಿಗೆ ಜೀವ ಕೊಡುತ್ತದೆ. ಕೆಲಸ ಮಾಡುವ ಜಾಗದ ಎರಡೂ ಬದಿಗೆ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಗ್ಯಾಂಗಿನ ಬಳಿ ಅರ್ತ್ ರಾಡ್ ಇರಲಿಲ್ಲ, ಕೊಟ್ಟಿರಲೂ ಇಲ್ಲ. ಬಲಗೈಯಿಂದ ಒಳಹೊಕ್ಕ ಕರೆಂಟು ಎಡಪಾದದಿಂದ ಹೊರಬಿತ್ತು. ಸೊಂಟದ ಬೆಲ್ಟ್ ಕಟ್ಟಿದ್ದರಿಂದ ಕೆಳಗೆ ಬೀಳದೆ ಕಂಬದಲ್ಲೇ ನೇತಾಡಿದ.

ಆಸ್ಪತ್ರೆಯ ಮೊದಲ ಟಿಪ್ಪಣಿಯಲ್ಲಿ ಬರೆದದ್ದು ‘ಶೇ. 8 ಸುಟ್ಟಗಾಯ’ ಎಂದು. ಆ ಅಂಕಿಯನ್ನು ನೋಡಿ ನಮಗೆಲ್ಲ ಜೀವ ಬಂದಂತಾಯಿತು. ಬೆಂಕಿಯಲ್ಲಿ ಶೇ. 8 ಸುಟ್ಟವರು ಕೆಲವೇ ವಾರಗಳಲ್ಲಿ ಎದ್ದು ಓಡಾಡುವುದನ್ನು ಕಂಡಿದ್ದೆವು. ವಿದ್ಯುತ್ತಿನ ಗಾಯ ಬೇರೆ ಜಾತಿಯದು ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಬೆಂಕಿ ಹೊರಗಿನಿಂದ ಒಳಗೆ ಸುಡುತ್ತದೆ. ಹೆಚ್ಚು ವೋಲ್ಟೇಜಿನ ವಿದ್ಯುತ್ತು ಚರ್ಮದ ಮೇಲೆ ರೂಪಾಯಿ ನಾಣ್ಯದಷ್ಟು ಗುರುತು ಉಳಿಸಿ ಒಳಗಿನ ಸ್ನಾಯು, ನರ, ರಕ್ತನಾಳಗಳನ್ನು ಬೇಯಿಸಿಬಿಡುತ್ತದೆ. ಸತ್ತ ಸ್ನಾಯುವಿನಿಂದ ಬಿಡುಗಡೆಯಾದ ಮಯೋಗ್ಲೋಬಿನ್ ಎಂಬ ವಸ್ತು ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆ. ಎರಡನೆಯ ದಿನ ಅವನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಕೈ ಊದಿ ರಕ್ತ ಓಡದಂತಾದಾಗ ಒಳಗಿನ ಒತ್ತಡ ಇಳಿಸಲು ಮುಂಗೈಯನ್ನು ಉದ್ದಕ್ಕೆ ಸೀಳಿದರು. ಹನ್ನೊಂದನೆಯ ದಿನ ಮೊಣಕೈಗಿಂತ ಸ್ವಲ್ಪ ಮೇಲಕ್ಕೆ ಬಲಗೈಯನ್ನು ಕತ್ತರಿಸಿದರು.

ನಾಲ್ಕನೆಯ ದಿನಕ್ಕೂ ಹನ್ನೊಂದನೆಯ ದಿನಕ್ಕೂ ನಡುವೆ ಏನಾಯಿತೆಂಬುದನ್ನು ತಾವು ಗಮನಿಸಬೇಕು. ಗುತ್ತಿಗೆದಾರರ ಕಡೆಯವರು ನಾಲ್ಕನೆಯ ದಿನ ಆಸ್ಪತ್ರೆಗೆ ಬಂದರು. ಹಣ್ಣು ತಂದಿದ್ದರು, ಖರ್ಚಿಗೆಂದು 40,000 ರೂಪಾಯಿ ತಂದಿದ್ದರು, ನೂರು ರೂಪಾಯಿಯ ಛಾಪಾ ಕಾಗದವನ್ನೂ ತಂದಿದ್ದರು. ‘ಸದರಿ ಮೊಬಲಗನ್ನು ಪೂರ್ಣ ಪರಿಹಾರವಾಗಿ ಸ್ವೀಕರಿಸಿರುತ್ತೇನೆ, ಇನ್ನು ಮುಂದೆ ನನ್ನ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ’ ಎಂಬ ಒಕ್ಕಣೆಯಿತ್ತು. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಅವನಿಂದ ಎಡ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಆಗ ಔಷಧ ತರಲು ಹೊರಗೆ ಹೋಗಿದ್ದೆ. ಹಿಂದಿರುಗಿ ಬಂದು ಅದರ ಪ್ರತಿಯನ್ನು ಓದಿದಾಗ ನನಗೆ ಕೋಪಕ್ಕಿಂತ ಮೊದಲು ನಾಚಿಕೆಯಾಯಿತು. ಆ ಒಕ್ಕಣೆ ನನಗೆ ಬಾಯಿಪಾಠವಿತ್ತು. ಅಂತಹ ಎಷ್ಟೋ ಪತ್ರಗಳನ್ನು ನಾನೇ ಟೈಪ್ ಮಾಡಿ ಪುಟಕ್ಕೆ ಇಷ್ಟೆಂದು ಎಣಿಸಿಕೊಂಡಿದ್ದೇನೆ. ಅವುಗಳಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲವೆಂದು ನನಗೆ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ, 2010ರ ಜನವರಿಯಿಂದ ಉದ್ಯೋಗಿಗಳ ಪರಿಹಾರ ಕಾಯ್ದೆ ಎಂದು ಹೆಸರು ಬದಲಿಸಿಕೊಂಡಿತು. ಅಪಘಾತವಾದಾಗ ಜಾರಿಯಲ್ಲಿದ್ದ, ನಮ್ಮ ಪ್ರಕರಣಕ್ಕೆ ಅನ್ವಯಿಸುವ ಆ ಕಾಯ್ದೆಯ ಮಾತನ್ನೇ ಇಲ್ಲಿ ಹೇಳುತ್ತಿದ್ದೇನೆ; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯ ವಿಷಯ ಮುಂದೆ ಬರುತ್ತದೆ. ಆ ಕಾಯ್ದೆಯ 17ನೇ ಕಲಮಿನ ಪ್ರಕಾರ, ಕೆಲಸಗಾರನು ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವುದೇ ಕರಾರು ಶೂನ್ಯ. ರಾಜಿ ಮಾಡಿಕೊಂಡರೂ ಅದರ ಒಪ್ಪಂದವನ್ನು, ಈ ಕಾಯ್ದೆಯಡಿ ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ಪರಿಹಾರ ಆಯುಕ್ತರಲ್ಲಿ ನೋಂದಾಯಿಸಬೇಕೆಂದು 28ನೇ ಕಲಂ ಹೇಳುತ್ತದೆ. ಮೊತ್ತ ಕಡಿಮೆಯೆನಿಸಿದರೆ ಆಯುಕ್ತರು ನೋಂದಣಿಯನ್ನೇ ನಿರಾಕರಿಸಬಹುದು. 2017ರ ತಿದ್ದುಪಡಿಯಿಂದ ಸೇರಿದ 17ಎ ಕಲಮಿನಂತೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮಾಲೀಕನು ಈ ಹಕ್ಕುಗಳನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಬೇಕು. ನನ್ನ ಮೇಜಿನ ಮುಂದೆ ಕುಳಿತ ಗಾಯಾಳುಗಳಲ್ಲಿ ಅಂತಹ ಕಾಗದವನ್ನು ನೋಡಿದವರು ಒಬ್ಬರೂ ಇಲ್ಲ.

ಕಾಯ್ದೆಯ ತಿರುಳು ಮಾತ್ರ ಉದಾರವಾಗಿದೆ, ಅದನ್ನು ಒಪ್ಪಲೇಬೇಕು. ಅಪಘಾತ ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಕು, ತಪ್ಪು ಯಾರದೆಂದು ಸಾಬೀತುಪಡಿಸುವ ಹೊರೆ ಕೆಲಸಗಾರನ ಮೇಲಿಲ್ಲ. ‘ಗ್ಲೌಸ್ ಹಾಕಿರಲಿಲ್ಲ’ ಎಂಬುದು ಇಂತಹ ಪ್ರಕರಣಗಳಲ್ಲಿ ಮೊದಲು ಕೇಳಿಬರುವ ವಾದ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಆ ವಾದಕ್ಕೆ 3ನೇ ಕಲಮಿನಲ್ಲಿ ಜಾಗವೇ ಇಲ್ಲ. ಅದಕ್ಕಿಂತ ಕಡಿಮೆ ಗಾಯಗಳಲ್ಲೂ ಕೊಟ್ಟ ರಕ್ಷಣಾ ಸಾಧನವನ್ನು ಕೆಲಸಗಾರ ಬೇಕೆಂದೇ ಕಡೆಗಣಿಸಿದನೆಂದು ಮಾಲೀಕನೇ ತೋರಿಸಬೇಕು. ಕೊಡದೇ ಇದ್ದ ಗ್ಲೌಸನ್ನು ಹಾಕಿಕೊಳ್ಳಲಿಲ್ಲವೆಂದು ಹೇಗೆ ದೂರುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಗುತ್ತಿಗೆದಾರನ ಕೈಕೆಳಗಿನವನಾದರೂ, ಕೆಲಸ ಮೂಲತಃ ಯಾರದೋ ಆ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದೆಂದು 12ನೇ ಕಲಂ ಹೇಳುತ್ತದೆ. ಆತ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಮರ್ಥನೆಯಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡ. ಚಿಕಿತ್ಸೆಯ ನಿಜವಾದ ಖರ್ಚು ಪ್ರತ್ಯೇಕ. ಅರ್ಜಿ ಹಾಕಲು ಎರಡು ವರ್ಷಗಳ ಅವಕಾಶವಿದೆ, ಅದನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಯಾದಗಿರಿ, ರಾಯಚೂರುಗಳಿಂದ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿ ಕೈ ಸುಟ್ಟುಕೊಂಡು ಊರಿಗೆ ಮರಳಿದವರು ತಮ್ಮ ವಾಸಸ್ಥಳದ ವ್ಯಾಪ್ತಿಯ ಆಯುಕ್ತರ ಮುಂದೆಯೇ ಅರ್ಜಿ ಸಲ್ಲಿಸಬಹುದು. ಅಷ್ಟು ದೂರ ಯಾರು ಅಲೆಯುವುದೆಂದು ಸುಮ್ಮನಾದವರು ನಮ್ಮಲ್ಲಿ ಕಡಿಮೆಯಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಷ್ಟೆಲ್ಲ ಇದ್ದೂ ನಮ್ಮ ಪ್ರಕರಣ ಎಲ್ಲಿ ಸಿಕ್ಕಿಕೊಂಡಿತು? ಅವನು ಅಲ್ಲಿ ಕೆಲಸಕ್ಕಿದ್ದನೆಂದು ತೋರಿಸುವುದರಲ್ಲಿ. ‘ಈತ ನಮ್ಮ ಕೆಲಸಗಾರನಲ್ಲ, ಅಂದು ಸ್ನೇಹಿತರ ಜೊತೆ ಸುಮ್ಮನೆ ಬಂದಿದ್ದ’ ಎಂದು ಗುತ್ತಿಗೆದಾರರು ಆಕ್ಷೇಪಣೆ ಸಲ್ಲಿಸಿದರು. ಪೂರ್ಣ ಪರಿಹಾರ ಕೊಟ್ಟಿದ್ದೇವೆಂದು ಬರೆಸಿಕೊಂಡವರೇ ಆತ ತಮ್ಮವನಲ್ಲವೆಂದು ಬರೆದುಕೊಟ್ಟರು. ಹಾಜರಿ ಪುಸ್ತಕ ಇರಲಿಲ್ಲ. ಎಲ್‌ಸಿ ಪುಸ್ತಕದಲ್ಲಿದ್ದದ್ದು ಕಂಪನಿಯ ಖಾಯಂ ಪವರ್‌ಮ್ಯಾನ್ ಒಬ್ಬರ ಹೆಸರು ಮಾತ್ರ. ಆ ಎಲ್‌ಸಿಯ ಭರವಸೆಯ ಮೇಲೆ ಕಂಬ ಹತ್ತಿದ ಏಳು ಜನರ ಹೆಸರನ್ನು ಬರೆಯಲು ಅದರಲ್ಲಿ ಅಂಕಣವೇ ಇರಲಿಲ್ಲ. ಗುತ್ತಿಗೆದಾರರು ಮಾಡಿಸಿದ್ದ ವಿಮಾ ಪಾಲಿಸಿ ನಾಲ್ವರು ಕೆಲಸಗಾರರಿಗಾಗಿತ್ತು, ಹೆಸರುಗಳಿರಲಿಲ್ಲ. ಏಳರಲ್ಲಿ ಆ ನಾಲ್ವರು ಯಾರೆಂಬ ತರ್ಕವನ್ನು ವಿಮಾ ಕಂಪನಿ ಎರಡು ವಾಯಿದೆಗಳ ತನಕ ಎಳೆಯಿತು. ಕೊನೆಗೆ ನಮ್ಮನ್ನು ಕಾಪಾಡಿದ್ದು ಮೇಸ್ತ್ರಿಯ ಫೋನ್‌ಪೇ ಜಮೆಗಳು, ಬ್ಯಾಂಕಿನಿಂದ ತಂದ ಹದಿನಾಲ್ಕು ತಿಂಗಳ ಲೆಕ್ಕ. ಕೂಲಿಯನ್ನು ಕೈಯಲ್ಲಿ ಎಣಿಸಿಕೊಳ್ಳುವ ಕೆಲಸಗಾರನಿಗೆ ಆ ಆಸರೆಯೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎನ್ನುತ್ತೇವೆ. ಪರಿಹಾರದ ಮೊಕದ್ದಮೆಯಲ್ಲಿ ಇಲ್ಲದ ಅಂಗೈಗೂ ಕನ್ನಡಿ ಬೇಕು.

ಆ ಕನ್ನಡಿ ಸರ್ಕಾರದ ಬಳಿಯೇ ಇತ್ತು ಎಂಬುದು ನಮಗೆ ತಡವಾಗಿ ತಿಳಿಯಿತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಮಿನಡಿ, ವಿದ್ಯುತ್ತಿನಿಂದ ಜೀವಹಾನಿಯೋ ಗಾಯವೋ ಆದರೆ ವಿದ್ಯುತ್ ಪರಿವೀಕ್ಷಕರಿಗೆ ಸೂಚನೆ ಕೊಡಬೇಕು. 2005ರ ನಿಯಮಗಳು ಅದಕ್ಕೆ ನಮೂನೆ ಎ ಎಂಬ ಫಾರಂ ಗೊತ್ತುಪಡಿಸಿ, ಸಾವಾಗಿರಲಿ ಇತರ ಅಪಘಾತವಾಗಿರಲಿ, ತಿಳಿದ 48 ಗಂಟೆಗಳೊಳಗೆ ಲಿಖಿತ ವರದಿ ಕಳುಹಿಸಬೇಕೆಂದು ವಿಧಿಸಿವೆ. ನಮ್ಮ ಪ್ರಕರಣದಲ್ಲೂ ಆ ನಮೂನೆ ಭರ್ತಿಯಾಗಿತ್ತು. ಅದರಲ್ಲಿ ನನ್ನ ತಮ್ಮನ ಹೆಸರು, ವಯಸ್ಸು, ‘ಗುತ್ತಿಗೆದಾರರ ಕೆಲಸಗಾರ’ ಎಂಬ ಮಾತು ಸ್ಪಷ್ಟವಾಗಿದ್ದವು. ಪರಿವೀಕ್ಷಕರು ಸ್ಥಳಕ್ಕೆ ಬಂದು ಜನರೇಟರಿನ ಹಿಮ್ಮುಖ ಹರಿವನ್ನೂ ಅರ್ತ್ ರಾಡ್ ಇಲ್ಲದ್ದನ್ನೂ ಬರೆದಿದ್ದರು. ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ, ಅವರ ಕೆಲಸವನ್ನು ಅವರು ಮಾಡಿದ್ದರು. ಆದರೆ ಆ ವರದಿ ಅವರ ಕಚೇರಿಯ ಕಪಾಟಿನಲ್ಲಿತ್ತು. ನಾವು ಅದೇ ಸಂಗತಿಯನ್ನು ಸಾಬೀತುಪಡಿಸಲು ಆಯುಕ್ತರ ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಹುಡುಕುತ್ತಿದ್ದೆವು. ಜೊತೆಗಿದ್ದ ಆರು ಜನರಲ್ಲಿ ಐವರು ಇನ್ನೂ ಅದೇ ಗ್ಯಾಂಗಿನಲ್ಲಿ ದುಡಿಯುತ್ತಿದ್ದರು. ಅವರು ಬಂದು ಸಾಕ್ಷಿ ಹೇಳಲಿಲ್ಲವೆಂದು ನಾನು ಬೇಸರಪಡುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಅದಕ್ಕೆ ಮೇಲ್ಮನವಿ ಎಲ್ಲ ಮುಗಿದು ವರದಿಯ ಪ್ರತಿ ಕೈಗೆ ಬರುವಾಗ ಅಪಘಾತವಾಗಿ ಒಂದು ವರ್ಷ ಎಂಟು ತಿಂಗಳಾಗಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕಾಡುತ್ತದೆ. ಈ ಎರಡು ಕಚೇರಿಗಳನ್ನು ಜೋಡಿಸುವ ಕಾನೂನು ಮೊದಲಿನಿಂದಲೂ ಇದೆ. ಪರಿಹಾರ ಕಾಯ್ದೆಯ 10ಬಿ ಕಲಂ ಹೇಳುವುದಿಷ್ಟು: ಬೇರೆ ಯಾವುದೇ ಕಾನೂನಿನ ಪ್ರಕಾರ ಮಾಲೀಕನ ಪರವಾಗಿ ಅಪಘಾತದ ಸೂಚನೆಯನ್ನು ಯಾವುದಾದರೂ ಪ್ರಾಧಿಕಾರಕ್ಕೆ ಕೊಡಬೇಕಾಗಿದ್ದರೆ, ಮತ್ತು ಆ ಅಪಘಾತದಲ್ಲಿ ಸಾವೋ ಗಂಭೀರ ಗಾಯವೋ ಆಗಿದ್ದರೆ, ಸೂಚನೆ ಕೊಡಬೇಕಾದವನೇ ಏಳು ದಿನಗಳೊಳಗೆ ಆಯುಕ್ತರಿಗೂ ವರದಿ ಕಳುಹಿಸಬೇಕು. ಗಂಭೀರ ಗಾಯವೆಂದರೆ ಕೈಕಾಲಿಗೆ ಶಾಶ್ವತ ಹಾನಿ, ದೃಷ್ಟಿ ಅಥವಾ ಶ್ರವಣದ ಶಾಶ್ವತ ಹಾನಿ, ಕೈಕಾಲಿನ ಮೂಳೆ ಮುರಿತ, ಇಲ್ಲವೇ ಇಪ್ಪತ್ತು ದಿನಗಳಿಗಿಂತ ಹೆಚ್ಚು ಕಾಲ ಕೆಲಸಕ್ಕೆ ಹೋಗಲಾಗದ ಸ್ಥಿತಿ. ಹೈಟೆನ್ಷನ್ ಶಾಕ್ ತಿಂದು ಬದುಕಿದವರಲ್ಲಿ ಬಹುಪಾಲು ಜನ ಇದರೊಳಗೆ ಬರುತ್ತಾರೆ. ಆದರೆ ಆ ಕಲಮಿನಲ್ಲಿ ‘ಮಾಲೀಕನ ಆವರಣದಲ್ಲಿ’ ನಡೆದ ಅಪಘಾತ ಎಂಬ ಮಾತಿದೆ. ಲೈನಿನ ಕೆಲಸಗಾರನಿಗೆ ಆವರಣ ಎಲ್ಲಿದೆ? ಅವನ ಕಂಬ ಯಾರದೋ ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ ಇರುತ್ತದೆ. ಲೈನು ಕಂಪನಿಯದು ಆದರೆ ಕೆಲಸಗಾರ ನಮ್ಮವನಲ್ಲ ಎಂದು ಕಂಪನಿ, ಕೆಲಸಗಾರ ನಮ್ಮವನಿರಬಹುದು ಆದರೆ ಲೈನು ನಮ್ಮದಲ್ಲ ಎಂದು ಗುತ್ತಿಗೆದಾರ; ಹೀಗೆ ಏಳು ದಿನಗಳ ವರದಿಯನ್ನು ಇಬ್ಬರೂ ಕಳುಹಿಸುವುದಿಲ್ಲ. ಕಾಯ್ದೆ ಮಾಡಿದವರು ಇದನ್ನೂ ಊಹಿಸಿದ್ದರು. ಅಂತಹ ಬೇರೆ ಬಗೆಯ ಸ್ಥಳಗಳಿಗೂ ಈ ಕಲಮನ್ನು ವಿಸ್ತರಿಸಿ, ವರದಿ ಕಳುಹಿಸಬೇಕಾದವರು ಯಾರೆಂದು ಹೆಸರಿಸಿ, ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಅದೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು.

2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಪರಿಹಾರದ ವಿಷಯ ಅದರ 7ನೇ ಅಧ್ಯಾಯಕ್ಕೆ ಹೋಗಿದೆ. ಕಾನೂನಿನ ಮನೆ ಬದಲಾಗುವ ಈ ಹೊತ್ತು ನನ್ನ ಕೋರಿಕೆಗೆ ಸರಿಯಾದ ಸಮಯ. ಸಂಹಿತೆಯಡಿ ರಾಜ್ಯದ ನಿಯಮಗಳಲ್ಲಿ ಒಂದು ವಾಕ್ಯ ಸೇರಲಿ: ವಿದ್ಯುತ್ ಅಪಘಾತದಲ್ಲಿ ಗಾಯಗೊಂಡವನು ಅಥವಾ ಸತ್ತವನು ಕೂಲಿಗೆ ದುಡಿಯುತ್ತಿದ್ದವನಾದರೆ, ನಮೂನೆ ಎಯ ಒಂದು ಪ್ರತಿ ಆ ವ್ಯಾಪ್ತಿಯ ಆಯುಕ್ತರಿಗೆ, ಇನ್ನೊಂದು ಪ್ರತಿ ಗಾಯಾಳುವಿಗೆ ಅಥವಾ ಅವನ ಮನೆಯವರಿಗೆ, ಕೇಳದೆಯೇ ಹೋಗತಕ್ಕದ್ದು, ಪರಿವೀಕ್ಷಕರ ತನಿಖಾ ವರದಿಯೂ ಸಿದ್ಧವಾದ ದಿನವೇ ಹಾಗೆಯೇ ಹೋಗತಕ್ಕದ್ದು. ಇದಕ್ಕೆ ಹೊಸ ಹುದ್ದೆ ಬೇಡ, ಅನುದಾನ ಬೇಡ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಕೆಲಸ ಮಾಡುತ್ತಿರುವುದರಿಂದ ವರದಿ ತಲುಪಬೇಕಾದ ವಿಳಾಸವೂ ಪ್ರತಿ ತಾಲ್ಲೂಕಿನವರಿಗೂ ಗೊತ್ತಿರುವಂಥದ್ದೇ.

ಇಂಧನ ಇಲಾಖೆಯಲ್ಲಿ ನನ್ನ ಇನ್ನೊಂದು ವಿನಂತಿ ಎಲ್‌ಸಿ ಪುಸ್ತಕದ ಬಗ್ಗೆ. ಆ ಎಲ್‌ಸಿಯ ಮೇಲೆ ಕಂಬ ಹತ್ತುವ ಪ್ರತಿಯೊಬ್ಬರ ಹೆಸರು, ಗುತ್ತಿಗೆದಾರರ ಹೆಸರು, ವಿಮಾ ಪಾಲಿಸಿಯ ಸಂಖ್ಯೆ ಎಲ್‌ಸಿ ಕೊಡುವ ಮುನ್ನವೇ ಅದರಲ್ಲಿ ದಾಖಲಾಗಲಿ. ಹೆಸರು ಬರೆದ ಮೇಲೆ ಅರ್ತ್ ರಾಡ್ ಇದೆಯೇ ಎಂದು ಕೇಳುವ ಮನಸ್ಸೂ ಬಂದೀತು. ಕೆಲಸಗಾರರ ಸಂಖ್ಯೆಗೆ ಸರಿಹೊಂದುವ ವಿಮೆಯಿಲ್ಲದ ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಡಬಾರದು. ಅಪಘಾತವಾದ ಕಾಮಗಾರಿಯ ಅಂತಿಮ ಬಿಲ್ಲನ್ನು, ಪರಿಹಾರದ ಮೊತ್ತ ಠೇವಣಿಯಾಗುವ ತನಕ ತಡೆಹಿಡಿಯುವ ಷರತ್ತು ಟೆಂಡರಿನಲ್ಲಿರಬೇಕು.

ಪರಿಹಾರದ ಲೆಕ್ಕದ ಬಗ್ಗೆ ಈಗ ಹೇಳಬೇಕು. ಕಾಯ್ದೆಯ ಸೂತ್ರ ಸರಳವಾಗಿದೆ: ಪೂರ್ಣ ಅಂಗವೈಕಲ್ಯವಾದರೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು, ಸಾವಾದರೆ ಶೇ. 50. ನನ್ನ ತಮ್ಮನಿಗೆ ಆಗ 29 ವರ್ಷ, ಆ ವಯಸ್ಸಿನ ಗುಣಕ 209.92. ಕೂಲಿ 18,000 ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಈ ಮಿತಿ 2010ರ ಮೇ ತಿಂಗಳಿಂದ 2020ರ ಜನವರಿಯವರೆಗೆ 8,000 ರೂಪಾಯಿಯಲ್ಲೇ ನಿಂತಿತ್ತು. ಆ ಹತ್ತು ವರ್ಷಗಳಲ್ಲಿ ಕೈ ಕಳೆದುಕೊಂಡವರ ನಷ್ಟ ಕೇಂದ್ರ ಸರ್ಕಾರದ ಲೆಕ್ಕದ್ದು, ಅದಕ್ಕೆ ತಮ್ಮನ್ನು ಹೊಣೆ ಮಾಡುವುದಿಲ್ಲ. 15,000ದ ಶೇ. 60 ಎಂದರೆ 9,000, ಅದನ್ನು 209.92ರಿಂದ ಗುಣಿಸಿದರೆ 18,89,280 ರೂಪಾಯಿ. ಆದರೆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕೈ ಎಲ್ಲಿ ಕತ್ತರಿಸಿದೆ ಎಂಬುದರ ಮೇಲೆ ದುಡಿಮೆಯ ನಷ್ಟವನ್ನು ಗೊತ್ತುಪಡಿಸಲಾಗಿದೆ. ಭುಜದ ಕೀಲಿನಲ್ಲಿ ಕತ್ತರಿಸಿದರೆ ಶೇ. 90, ಭುಜದ ತುದಿಯಿಂದ ಎಂಟು ಇಂಚಿಗಿಂತ ಕಡಿಮೆ ಉಳಿದಿದ್ದರೆ ಶೇ. 80, ಅದಕ್ಕಿಂತ ಹೆಚ್ಚು ಉಳಿದಿದ್ದರೆ ಶೇ. 70. ಟೇಪು ಹಿಡಿದು ಅಳೆದರೆ ಅವನದು ಶೇ. 70, ಅಂದರೆ 13,22,496 ರೂಪಾಯಿ. ವಿಮಾ ಕಂಪನಿಯ ವಾದ ಇದೇ.

ಬಲಗೈಯಿಲ್ಲದ ಲೈನ್ ಕೆಲಸಗಾರನಿಗೆ ಉಳಿದ ಶೇ. 30 ದುಡಿಮೆ ಯಾವುದೆಂದು ಮಾತ್ರ ಯಾರೂ ಹೇಳಲಿಲ್ಲ. ಈ ಪ್ರಶ್ನೆ ಹೊಸದೇನೂ ಅಲ್ಲ. ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣ, ಕಾನೂನು ವರದಿಗಳಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ಹೆಸರಾದದ್ದು, 1975ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾಗುವುದಿಲ್ಲ, ಆದ್ದರಿಂದ ಆತನದು ಪೂರ್ಣ ಅಂಗವೈಕಲ್ಯ. ಪರಿಹಾರ ಬಾಕಿಯಾಗುವುದು ಆಯುಕ್ತರ ಆದೇಶದ ದಿನದಿಂದಲ್ಲ, ಅಪಘಾತದ ದಿನದಿಂದ ಎಂದು ನ್ಯಾಯಾಲಯ ಹೇಳಿತು. ಕೈಗೆ ಬೆಲೆ ಕಟ್ಟುವಾಗ ಇಂಚನ್ನಲ್ಲ, ಆ ಕೈ ಮಾಡುತ್ತಿದ್ದ ಕೆಲಸವನ್ನು ನೋಡಬೇಕೆಂಬುದು ಅದರ ಅರ್ಥ. ನಮ್ಮ ಆಯುಕ್ತರೂ ಅದನ್ನು ಅನುಸರಿಸಿ ಪೂರ್ಣ ಅಂಗವೈಕಲ್ಯವೆಂದೇ ಆದೇಶಿಸಿದರು. ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕೆಂದು 25ಎ ಕಲಂ ಹೇಳುವ ಪ್ರಕರಣದಲ್ಲಿ ಆ ಆದೇಶ ಬರಲು ಮೂವತ್ತೆರಡು ತಿಂಗಳು ಹಿಡಿಯಿತು. ವಿಮಾ ಕಂಪನಿ ಹಣ ಠೇವಣಿ ಇಟ್ಟು ಉಚ್ಚ ನ್ಯಾಯಾಲಯಕ್ಕೆ ಹೋಗಿರುವುದರಿಂದ ಇದರ ಬಗ್ಗೆ ಹೆಚ್ಚು ಬರೆಯಲಾರೆ.

ಅನುಸೂಚಿಯಲ್ಲಿ ಇಂಚಿಗೆ ಜಾಗವಿದೆ, ವಿದ್ಯುತ್ತು ಮಾಡುವ ಬೇರೆ ಹಾನಿಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಅಪಘಾತವಾದ ಹದಿನಾಲ್ಕು ತಿಂಗಳ ಬಳಿಕ ಅವನ ಬಲಗಣ್ಣಿಗೆ ಪೊರೆ ಬಂದಿತು. ಮೂವತ್ತು ವರ್ಷದವನಿಗೆ ಪೊರೆಯೇ ಎಂದು ನಾವು ಬೆರಗಾದೆವು. ಹೈಟೆನ್ಷನ್ ಶಾಕ್ ಆದ ತಿಂಗಳುಗಳ, ವರ್ಷಗಳ ನಂತರವೂ ಪೊರೆ ಬರುವುದುಂಟೆಂದು ನೇತ್ರವೈದ್ಯರು ತಿಳಿಸಿದರು. ಎಡಪಾದದಲ್ಲಿ ಉರಿ ನಿಂತಿಲ್ಲ. ಇಲ್ಲದ ಬೆರಳುಗಳು ರಾತ್ರಿ ನೋಯುತ್ತವೆ. ಎದುರಿಗಿದ್ದವರ ಹೆಸರು ಮರೆಯುತ್ತಾನೆ, ನಿದ್ದೆಯಿಂದ ಬೆಚ್ಚಿ ಏಳುತ್ತಾನೆ. ಅನುಸೂಚಿಯಲ್ಲಿಲ್ಲದ ಗಾಯಗಳಿಗೆ ದುಡಿಮೆಯ ನಷ್ಟ ಎಷ್ಟೆಂದು ಅರ್ಹ ವೈದ್ಯರು ನಿರ್ಧರಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ನಮ್ಮಲ್ಲಿ ಪ್ರಮಾಣಪತ್ರ ಕೊಡುವವರು ಸಾಮಾನ್ಯವಾಗಿ ಮೂಳೆ ತಜ್ಞರು. ಅವರು ಕೈಯನ್ನು ನೋಡುತ್ತಾರೆ, ಕಣ್ಣನ್ನೂ ನರವನ್ನೂ ನೋಡುವುದಿಲ್ಲ. ವಿದ್ಯುತ್ತಿನ ಗಾಯಾಳುವಿನ ಅಂಗವೈಕಲ್ಯವನ್ನು ಮೂಳೆ, ನರ, ನೇತ್ರ ಮತ್ತು ಮನೋವೈದ್ಯರು ಕೂಡಿ ಅಳೆಯುವಂತೆ, ಮೊದಲ ಅಳತೆಯ ನಂತರ ಕಾಣಿಸಿಕೊಂಡ ಹಾನಿಯನ್ನು ಸೇರಿಸಲು ಅವಕಾಶವಿರುವಂತೆ, ಜಿಲ್ಲಾ ಆಸ್ಪತ್ರೆಗಳಿಗೆ ಸುತ್ತೋಲೆ ಹೋಗುವುದು ಅಗತ್ಯ. ಕಾರ್ಮಿಕ ಇಲಾಖೆ ಆರೋಗ್ಯ ಇಲಾಖೆಗೆ ಬರೆಯದೆ ಇದು ಆಗುವುದಿಲ್ಲ. ಎರಡೇ ಇಲಾಖೆ ಎಂದು ಆರಂಭಿಸಿದವಳು ಮೂರನೆಯದನ್ನೂ ಎಳೆದು ತರುತ್ತಿದ್ದೇನೆ, ಕ್ಷಮಿಸಬೇಕು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, ಇದರ ಬಗ್ಗೆ ಒಂದು ಮಾತು. ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯವರು, ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿದ್ದರೆ, ಅವರ ಹಕ್ಕು ಇಎಸ್‌ಐ ನಿಗಮದ ಮುಂದೆ; ಅಲ್ಲಿ ಹಕ್ಕಿದ್ದವರು ಪರಿಹಾರ ಆಯುಕ್ತರ ಮುಂದೆ ಬರುವಂತಿಲ್ಲ. ಮಾಲೀಕ ನೋಂದಾಯಿಸದಿದ್ದರೂ, ವಂತಿಗೆ ಕಟ್ಟದಿದ್ದರೂ ಕೆಲಸಗಾರನ ಹಕ್ಕು ಹೋಗುವುದಿಲ್ಲ, ನಿಗಮ ಕೊಟ್ಟು ಮಾಲೀಕನಿಂದ ವಸೂಲು ಮಾಡಬೇಕು. ತಪ್ಪು ಬಾಗಿಲಲ್ಲಿ ಒಂದೂವರೆ ವರ್ಷ ಕಾದು ಹಿಂದಿರುಗಿದವರನ್ನು ಕಂಡಿದ್ದೇನೆ. ಆಸ್ಪತ್ರೆಗಳ ಸುಟ್ಟಗಾಯದ ವಾರ್ಡಿನ ಗೋಡೆಯ ಮೇಲೆ ಈ ಎರಡು ಬಾಗಿಲುಗಳ ವಿವರವನ್ನು ಕನ್ನಡದಲ್ಲಿ ಬರೆಸಿದರೆ, ಅದರ ಕೆಳಗೆ ‘ಆಸ್ಪತ್ರೆಯಲ್ಲಿ ಯಾವ ಛಾಪಾ ಕಾಗದಕ್ಕೂ ಸಹಿ ಹಾಕಬೇಡಿ, ಹಾಕಿದ್ದರೂ ಹಕ್ಕು ಹೋಗುವುದಿಲ್ಲ’ ಎಂಬ ಸಾಲನ್ನೂ ಸೇರಿಸಬೇಕೆಂದು ಬೇಡುತ್ತೇನೆ.

ಲೈನಿನ ಕೆಲಸದವರ ಬಗ್ಗೆಯೇ ಬರೆದೆ, ಏಕೆಂದರೆ ನನಗೆ ಅದು ಗೊತ್ತು. ಎರಡನೇ ಮಹಡಿಗೆ ಸುಣ್ಣ ಬಳಿಯುವಾಗ ಕೈಗೆಟುಕುವ ತಂತಿಗೆ ತಗುಲಿದವರು, ಸೆಂಟ್ರಿಂಗ್ ಕೆಲಸದಲ್ಲಿ ಕಬ್ಬಿಣದ ಸರಳು ಎತ್ತಿದವರು, ಫ್ಲೆಕ್ಸ್ ಕಟ್ಟಲು ಏಣಿ ಹತ್ತಿದವರು, ಬೋರ್‌ವೆಲ್ ಲಾರಿಯ ಹುಡುಗರು, ಇವರೂ ನನ್ನ ಮೇಜಿನ ಮುಂದೆ ಬಂದಿದ್ದಾರೆ. ಹನ್ನೊಂದು ಕೆವಿ ತಂತಿ ಕಟ್ಟಡದ ಪಕ್ಕದಿಂದ ಕನಿಷ್ಠ 1.2 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಆ ಅಂತರವಿಲ್ಲದ ಬೀದಿಗಳು ತಮ್ಮ ದಾರಿಯಲ್ಲೂ ಸಿಗುತ್ತವೆ. ಇವರ ಮಾಲೀಕ ಯಾರೆಂಬುದೇ ಮೊದಲ ತಕರಾರು. ಅಪಾಯಕಾರಿ ವಿದ್ಯುತ್ತನ್ನು ಪೂರೈಸುವವರು ತಮ್ಮ ನಿರ್ಲಕ್ಷ್ಯವಿಲ್ಲದಿದ್ದರೂ ಹಾನಿಗೆ ಹೊಣೆ ಎಂದು 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಅವರಿಗೆ ಆ ದಾರಿಯೂ ಉಂಟು. ಅವರ ವಿಷಯದಲ್ಲೂ ನಮೂನೆ ಎಯ ಪ್ರತಿ ಕೈಗೆ ಸಿಗುವುದೇ ಮೊದಲ ಮೆಟ್ಟಿಲು.

ಈ ಪತ್ರದ ಪ್ರತಿಗಳನ್ನು ತಮ್ಮಿಬ್ಬರ ಕಚೇರಿಗಳಿಗೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಜೊತೆಗೆ ನಮ್ಮ ಪ್ರಕರಣದ ನಮೂನೆ ಎ, ಅದನ್ನು ಪಡೆಯಲು ಸಲ್ಲಿಸಿದ ಅರ್ಜಿಗಳು ಮತ್ತು ನಾಲ್ಕನೆಯ ದಿನದ ಆ ರಾಜಿಪತ್ರದ ನಕಲನ್ನು, ಹೆಸರುಗಳನ್ನು ಮುಚ್ಚಿ, ಲಗತ್ತಿಸಿದ್ದೇನೆ. ಈಗ ನನ್ನ ತಮ್ಮ ನನ್ನ ಅಂಗಡಿಯಲ್ಲೇ ಕುಳಿತು ಎಡಗೈಯಿಂದ ಟೈಪ್ ಮಾಡುವುದನ್ನು ಕಲಿಯುತ್ತಿದ್ದಾನೆ. ಲಕೋಟೆಯ ಮೇಲಿನ ತಮ್ಮ ವಿಳಾಸಗಳನ್ನು ಟೈಪ್ ಮಾಡಿದವನು ಅವನೇ. ರಾಜಿಪತ್ರ ಟೈಪ್ ಮಾಡಿಕೊಡಿ ಎಂದು ಯಾರಾದರೂ ಬಂದರೆ, ಆಯುಕ್ತರ ಮುಂದೆ ನೋಂದಣಿ ಮಾಡಿಸುತ್ತೀರಾ ಎಂದು ಕೇಳುತ್ತಾನೆ, ಬಂದವರಲ್ಲಿ ಹೆಚ್ಚಿನವರು ಪಕ್ಕದ ಅಂಗಡಿಗೆ ಹೋಗುತ್ತಾರೆ.

ತಮ್ಮ ಉತ್ತರವನ್ನು ನಿರೀಕ್ಷಿಸುತ್ತಿರುವ,
ಗಾಯಾಳುವಿನ ಅಕ್ಕ ಮತ್ತು ಬೆರಳಚ್ಚುಗಾರ್ತಿ